ನಾಲ್ಕು ಊರಿನ ಪಿನ್‌ಕೋಡ್ ಒಡೆದರೆ

ಚಿಕ್ಕಬಳ್ಳಾಪುರ 562101. ಶಿಡ್ಲಘಟ್ಟ 562105, ಚಿಂತಾಮಣಿ 563125, ಗೌರಿಬಿದನೂರು 561208. ಪಿನ್‌ಕೋಡ್ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಅಂಚೆಯವರಿಗೆ ಬೇಕಿದ್ದದ್ದು ಟಪಾಲನ್ನು ಬೇಗ ವಿಂಗಡಿಸುವ ದಾರಿ, ಅಷ್ಟೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅದಕ್ಕೆ ಸೇರಿದರೂ ಚಿಂತಾಮಣಿ ಇಂದಿಗೂ ಕೋಲಾರದ 563 ಅನ್ನೇ ಹೊತ್ತಿದೆ. ಅಂಚೆಯ ನಕಾಶೆಗೆ ಅದರದೇ ಹಟ.

ಈ ಸಂಖ್ಯೆಗಳನ್ನು ವಿಳಾಸವೆಂದು ನೋಡದೆ ಬರೀ ಸಂಖ್ಯೆಯೆಂದು ನೋಡಿದರೆ ಬೇರೆಯೇ ನೆಂಟಸ್ತಿಕೆ ಕಾಣುತ್ತದೆ. ಚಿಂತಾಮಣಿಯದು ಸಲೀಸಾಗಿ ಒಡೆಯುತ್ತದೆ: ಐದನ್ನು ನಾಲ್ಕು ಸಲ ಗುಣಿಸಿ, ಅದಕ್ಕೆ 17, ಮತ್ತೆ 53. ಶಿಡ್ಲಘಟ್ಟದಲ್ಲಿ 5, ಎರಡು ಸಲ 17, ಒಂದು 389. ಅಂದರೆ ಎರಡೂ ಊರಿಗೆ 85 ಸಾಮಾನ್ಯ ಅಪವರ್ತನ. ಗೌರಿಬಿದನೂರಿನದು ಮೂರು ಎರಡುಗಳು, 29, 41, 59.

ಚಿಕ್ಕಬಳ್ಳಾಪುರ ಮಾತ್ರ ಬಗ್ಗುವುದಿಲ್ಲ. ಅಂಕಿಗಳ ಮೊತ್ತ 15, ಹಾಗಾಗಿ ಮೂರರಿಂದ ಭಾಗವಾಗುತ್ತದೆ. ಉಳಿದ 187367 ಅವಿಭಾಜ್ಯ. ಇದನ್ನು ಕೈಯಲ್ಲೇ ಖಚಿತಪಡಿಸಿಕೊಳ್ಳಬಹುದು. 433ರ ವರ್ಗ ಅದನ್ನು ಮೀರುವುದರಿಂದ 431ರವರೆಗಿನ 83 ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ತಾಳ್ಮೆ ಬೇಕು, ಜಾಣ್ಮೆ ಬೇಕಿಲ್ಲ. ಅಂಕಿ ಕೂಡಿಸಿ ಭವಿಷ್ಯ ಹೇಳುವವರಿಗೆ ಒಂದು ಮಾತು: ಆ ಮೊತ್ತ ತಿಳಿಸುವುದು ಮೂರು, ಒಂಬತ್ತರ ಭಾಗಾಕಾರವನ್ನು, ಮದುವೆಯನ್ನಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಪವಾಡಗಳಿಗೂ ಲೆಕ್ಕ ಕೇಳಿದವರು. ಇದನ್ನು ಅವರ ಸೀಮೆಯಲ್ಲಿ ಒತ್ತಿ ಹೇಳಬೇಕಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ವರ್ಗಗಳ ಆಟ. ಚಿಂತಾಮಣಿಯ 563125 ಎಂದರೆ 750ರ ವರ್ಗ, ಜೊತೆಗೆ 25ರ ವರ್ಗ. ಶಿಡ್ಲಘಟ್ಟ 748 ಮತ್ತು 51ರ ವರ್ಗಗಳ ಮೊತ್ತ. ಚಿಂತಾಮಣಿಯನ್ನು ಹೀಗೆ ಎರಡು ವರ್ಗಗಳಾಗಿ ಹತ್ತು ಬಗೆಯಲ್ಲಿ ಬಿಡಿಸಬಹುದು, ಶಿಡ್ಲಘಟ್ಟವನ್ನು ಆರು ಬಗೆಯಲ್ಲಿ. ಇನ್ನೆರಡು ಊರಿಗೆ ಒಂದು ಬಗೆಯೂ ಇಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಾರಣ ಹದಿನೇಳನೇ ಶತಮಾನದಲ್ಲಿ ಫರ್ಮಾ ಕಂಡ, ಮುಂದೆ ಆಯ್ಲರ್ ಸಾಧಿಸಿ ತೋರಿಸಿದ ನಿಯಮ: ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ಅವಿಭಾಜ್ಯ ಬೆಸ ಸಲ ಬಂದರೆ ಅಂಥ ಮೊತ್ತ ಅಸಾಧ್ಯ. ಗೌರಿಬಿದನೂರಿಗೆ 59 ಅಡ್ಡ ಬಂತು, ಚಿಕ್ಕಬಳ್ಳಾಪುರಕ್ಕೆ ಮೂರು ಮತ್ತು 187367 ಎರಡೂ.

ಈ ಗುಣಗಳನ್ನು ಯಾವ ಗುಮಾಸ್ತನೂ ಕೊಟ್ಟದ್ದಲ್ಲ. ಚಿಂತಾಮಣಿಗೆ ಒಂದು ಅಂಕಿ ಮುಂದಿನದು ಸಿಕ್ಕಿದ್ದರೆ ಅಷ್ಟು ಐದುಗಳೂ ಮಾಯ. ಬಾಗೇಪಲ್ಲಿಯವರಿಗೆ 561207 ಇದೆ. ಮೊತ್ತ 21, ಮೂರರಿಂದ ಭಾಗವಾಗುತ್ತದೆ. ಮುಂದಿನ ಭಾಗಾಕಾರ ಅವರದು.