ಬೇರೊಬ್ಬರ ತ್ಯಾಗ

ಭದ್ರಾವತಿಯ ನ್ಯೂ ಟೌನ್ ಕಾರ್ಮಿಕರ ಬಡಾವಣೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಆಸುಪಾಸಿನಲ್ಲಿ ಬದುಕು ಕಟ್ಟಿಕೊಂಡ ಇಲ್ಲಿನವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಿಲ್ಲ: ಕುಲುಮೆಯ ಮುಂದೆ ನಿಲ್ಲುವವನಿಗೆ ಹೆಲ್ಮೆಟ್, ಕೈಗವಸು ಸಿಗುವುದು ಯಾರದೋ ಔದಾರ್ಯದಿಂದಲ್ಲ, ಅದು ಅವನ ಹಕ್ಕು.

ಆಸ್ಪತ್ರೆಯ ಮಾತು ಬಂದಾಗ ಮಾತ್ರ ನಮ್ಮ ಅಳತೆಗೋಲು ಬದಲಾಗುತ್ತದೆ. ನರ್ಸನ್ನು ದೇವತೆ ಎಂದು ಹೊಗಳುತ್ತೇವೆ. ಕಫ ಪರೀಕ್ಷಿಸುವವರು, ಗುತ್ತಿಗೆಯ ಮೇಲೆ ವಾರ್ಡು ಗುಡಿಸುವ ಹೆಂಗಸು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಕ್ಷಯ ಗಾಳಿಯಲ್ಲಿ ಹರಡುವ ರೋಗ. ರೋಗಿ ಕೆಮ್ಮಿದಾಗ ಹೊರಬಿದ್ದ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಡಾಕ್ಟರು, ಆಯಾ ಎಂಬ ಭೇದ ಅವಕ್ಕಿಲ್ಲ. ಕೇಂದ್ರ ಸರಕಾರ 2010ರಲ್ಲೇ ಮಾರ್ಗಸೂಚಿ ಹೊರಡಿಸಿದೆ: ಕೆಮ್ಮುವವರನ್ನು ಪ್ರತ್ಯೇಕ ಕೂರಿಸಿ ಮೊದಲು ನೋಡಬೇಕು, ಗಾಳಿ ಆಡುವಂತಿರಬೇಕು, ಅಪಾಯ ಹೆಚ್ಚಿರುವಲ್ಲಿ ಸಿಬ್ಬಂದಿಗೆ ಎನ್-95 ಮಾಸ್ಕ್ ಕೊಡಬೇಕು. ಕಿಟಕಿ ತೆರೆಯಲು ಕೋಟಿ ರೂಪಾಯಿಯ ಯೋಜನೆ ಬೇಕೆ?

ಮಾಸ್ಕ್ ತೊಟ್ಟರೆ ರೋಗಿಗೆ ಅವಮಾನವಾಗದೆ ಎಂದು ಕೆಲವರು ಕೇಳುತ್ತಾರೆ. ರೋಗಿಯಿಂದ ಮುಖ ತಿರುಗಿಸುವುದು ಅವಮಾನ. ಮಾಸ್ಕ್ ತೊಟ್ಟು ಹತ್ತಿರ ಹೋಗುವುದು ಆರೈಕೆ. ಜೀವಭಯವಿಲ್ಲದ ಕೈ ಹೆಚ್ಚು ಹೊತ್ತು ಆರೈಕೆ ಮಾಡೀತು.

ತ್ಯಾಗ ದೊಡ್ಡದೇ. ಆದರೆ ಅದನ್ನು ಮಾಡುವವರೇ ನಿರ್ಧರಿಸಬೇಕು. ಬೇರೊಬ್ಬರ ತ್ಯಾಗವನ್ನು ನಾವೇ ಮುಂಗಡವಾಗಿ ಲೆಕ್ಕಕ್ಕೆ ಹಿಡಿದರೆ, ಅದರ ಹೆಸರು ಶೋಷಣೆ.