ಮಗುವಿನ ಬಾಯಿ ಮುಚ್ಚಿಸುವ ಮೊದಲು

ಮದ್ರಸದ ಎರಡನೇ ತರಗತಿಯ ಹುಡುಗನೊಬ್ಬ ಒಂದು ದಿನ ಪಾಠದ ನಡುವೆ ಎದ್ದು ನಿಂತು, "ಉಸ್ತಾದ್, ನಿಮ್ಮ ಕೈಗೆ ಸೀಮೆಸುಣ್ಣ ಮೆತ್ತಿದೆ, ತೊಳೆದುಕೊಳ್ಳಿ" ಎಂದ. ನಾನು ಅಂದು ಸೀಮೆಸುಣ್ಣ ಮುಟ್ಟಿಯೇ ಇರಲಿಲ್ಲ. ಅವನು ಕಂಡದ್ದು ನನ್ನ ಬಲಗೈ ಬೆರಳುಗಳಿಂದ ಮಣಿಕಟ್ಟಿನವರೆಗೆ ಹರಡಿರುವ ಬಿಳುಪನ್ನು. ನನಗೆ ತೊನ್ನು ಇದೆ. ಹನ್ನೊಂದನೇ ವಯಸ್ಸಿನಲ್ಲಿ ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಕಾಣಿಸಿಕೊಂಡದ್ದು ಈಗ ತುಟಿಯಂಚಿನಲ್ಲೂ ಕಣ್ಣಿನ ಸುತ್ತಲೂ ಇದೆ.

ಹುಡುಗ ಗೇಲಿ ಮಾಡಿರಲಿಲ್ಲ. ಉಸ್ತಾದರ ಕೈ ಕೊಳೆಯಾಗಿದೆಯಲ್ಲ ಎಂಬ ಕಾಳಜಿ ಮಾತ್ರ ಅವನದು. ಆದರೆ ವಿಷಯ ತಿಳಿದಿದ್ದ ಮಕ್ಕಳು ಉಸಿರು ಬಿಗಿಹಿಡಿದು ನನ್ನ ಮುಖ ನೋಡತೊಡಗಿದರು. ನಾನು ನಗುತ್ತಾ, "ಚಿಕ್ಕವನಿದ್ದಾಗ ಹಾಲು ಚೆಲ್ಲಿಕೊಂಡೆ, ಇನ್ನೂ ಹೋಗಲೇ ಇಲ್ಲ ನೋಡು" ಎಂದೆ. ತರಗತಿ ನಕ್ಕಿತು. ಜಾಣ ಉತ್ತರ ಕೊಟ್ಟೆನೆಂದು ನನಗೂ ಒಳಗೊಳಗೆ ಸಮಾಧಾನವಾಯಿತು.

ವಾರ ಕಳೆದು ಆ ಹುಡುಗನ ತಾಯಿ ಬಂದರು. ಮಗ ಹಾಲು ಮುಟ್ಟುತ್ತಿಲ್ಲವಂತೆ. ಮೈಮೇಲೆ ಬಿದ್ದರೆ ಉಸ್ತಾದರ ಹಾಗೆ ಆಗುತ್ತದೆ ಎನ್ನುತ್ತಾನಂತೆ. ಕೊನೆಯ ಮಾತು ಹೇಳುವಾಗ ಆಕೆಯ ದನಿ ತಗ್ಗಿತು. ಮನೆಯ ಅಜ್ಜಿ ಬೇರೆ ತಮ್ಮ ಪಾಲನ್ನು ಸೇರಿಸಿದ್ದರು: ಮೀನು ತಿಂದು ಹಾಲು ಕುಡಿದರೂ ತೊನ್ನು ಬರುತ್ತದೆ ಎಂದು. ನಮ್ಮ ಕರಾವಳಿಯಲ್ಲಿ ಮೀನಿಲ್ಲದ ದಿನ ಎಷ್ಟಿದೆ? ಹುಡುಗನ ಹಾಲು ಸಂಪೂರ್ಣ ನಿಂತಿತ್ತು.

ಅಂದು ರಾತ್ರಿ ನನಗೆ ನೆನಪಾದದ್ದು ನಾನೇ ಹಲವು ಬಾರಿ ಪಾಠ ಮಾಡಿದ ಒಂದು ಹದೀಸ್. ಅಬ್ದುಲ್ಲಾ ಬಿನ್ ಆಮಿರ್(ರ) ಮಗುವಾಗಿದ್ದಾಗ ತಾಯಿ ಏನನ್ನೋ ಕೊಡುತ್ತೇನೆಂದು ಅವರನ್ನು ಕರೆದರು. ಅಲ್ಲೇ ಕುಳಿತಿದ್ದ ಪ್ರವಾದಿ(ಸ), ಏನು ಕೊಡಬೇಕೆಂದಿರುವೆ ಎಂದು ವಿಚಾರಿಸಿದರು. ಖರ್ಜೂರ ಎಂದು ಆಕೆ ಹೇಳಿದಾಗ, ಏನನ್ನೂ ಕೊಡದಿರುತ್ತಿದ್ದರೆ ಅದು ನಿನ್ನ ಹೆಸರಿನಲ್ಲಿ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಎಂದು ಎಚ್ಚರಿಸಿದರು. ಅಬೂದಾವೂದ್‌ನಲ್ಲಿರುವ ಈ ಹದೀಸನ್ನು ಮಕ್ಕಳ ಮುಂದೆ ಹೇಳುವಾಗ, ಅದು ಉಸ್ತಾದರಿಗೂ ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ. ನನ್ನ ಮುಜುಗರವನ್ನು ನಗುವಿನಲ್ಲಿ ಮುಚ್ಚಲು ನಾನು ಒಂದು ಮಗುವಿಗೆ ಸುಳ್ಳು ಹೇಳಿದ್ದೆ. ಅದರ ಬೆಲೆ ತೆತ್ತದ್ದು ಮಗು.

ಹಾಗಾದರೆ ನಿಜವೇನು? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳಿವೆ. ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳನ್ನು ಶತ್ರುಗಳೆಂದು ತಪ್ಪಾಗಿ ಬಗೆದು ನಾಶಪಡಿಸಿದಾಗ ಆ ಜಾಗ ಬಿಳಿಯಾಗುತ್ತದೆ. ಹಾಲು, ಮೀನು, ಪಾಪ, ಶಾಪ ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವುದಿಲ್ಲ. ಇದನ್ನು ಶ್ವೇತಕುಷ್ಠ ಎಂದು ಕರೆಯುವ ರೂಢಿ ಕನ್ನಡದಲ್ಲಿರುವುದು ದೊಡ್ಡ ಅನ್ಯಾಯ. ಅರಬಿ ಭಾಷೆಯಲ್ಲಿ ತೊನ್ನಿಗೆ ಬರಸ್, ಕುಷ್ಠಕ್ಕೆ ಜುದಾಮ್ ಎಂದು ಬೇರೆ ಬೇರೆ ಪದಗಳೇ ಇವೆ. ಕುಷ್ಠ ಬರುವುದು ರೋಗಾಣುವಿನಿಂದ. ನಾರ್ವೆಯ ವೈದ್ಯ ಹಾನ್ಸೆನ್ ಅದನ್ನು 1873ರಲ್ಲಿ ಪತ್ತೆಹಚ್ಚಿದರು. ಕುಷ್ಠದ ಕಲೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ತೊನ್ನಿನಲ್ಲಿ ಹಾಗಾಗದು. ಸೂಜಿ ಚುಚ್ಚಿದರೆ ನನ್ನ ಬಿಳಿ ಬೆರಳೂ ನೋಯುತ್ತದೆ. (ಇಂದು ಕುಷ್ಠವೂ ಔಷಧದಿಂದ ಗುಣವಾಗುವ ರೋಗವೇ. ಆ ರೋಗಿಗಳನ್ನು ದೂರವಿಡಲೂ ನಮಗೆ ಯಾವ ನೆಪವೂ ಉಳಿದಿಲ್ಲ.)

ಸಹೋದರಿಯರೇ, ನಿಮ್ಮೊಂದಿಗೆ ಒಂದು ಮಾತು. ಬಸ್ಸಿನಲ್ಲಿ ನನ್ನ ಎದುರು ತಾಯಿಯ ಮಡಿಲಲ್ಲಿ ಕುಳಿತ ಮಗು ಕಣ್ಣರಳಿಸಿ ನೋಡುತ್ತದೆ. "ಉಮ್ಮಾ, ಇವರ ಬಾಯಿ ಯಾಕೆ ಬಿಳಿ?" ಎನ್ನುತ್ತದೆ. ಮರುಕ್ಷಣ ತಾಯಿಯ ಅಂಗೈ ಅದರ ಬಾಯಿಯ ಮೇಲಿರುತ್ತದೆ. ಕೆಲವರು ತೊಡೆ ಚಿವುಟುತ್ತಾರೆ. ಬಳಿಕ ತಾಯಿಯ ಮುಖ ಕಿಟಕಿಯತ್ತ ತಿರುಗಿದ್ದು ಇಳಿಯುವವರೆಗೂ ನನ್ನ ಕಡೆಗೆ ತಿರುಗುವುದಿಲ್ಲ. ನಿಮ್ಮ ಉದ್ದೇಶ ಒಳ್ಳೆಯದೆಂದು ಬಲ್ಲೆ. ನನಗೆ ನೋವಾಗದಿರಲಿ ಎಂದೇ ನೀವು ಹಾಗೆ ಮಾಡುತ್ತೀರಿ. ಆದರೆ ಯೋಚಿಸಿ. ನೋಯಿಸಿದ್ದು ಮಗುವೇ? ಮಗು ಬಾಯಿಯ ಬಣ್ಣ ಕೇಳಿತು, ಕಾಗೆ ಯಾಕೆ ಕಪ್ಪು ಎಂದು ಕೇಳಿದ ಹಾಗೆಯೇ. ಇದು ಬಾಯಿಬಿಟ್ಟು ಆಡಬಾರದ, ಕಣ್ಣೆತ್ತಿ ನೋಡಬಾರದ ಸಂಗತಿ ಎಂದು ಅದಕ್ಕೆ ಕಲಿಸಿದ್ದು ನಿಮ್ಮ ಅಂಗೈ. ಅದೇ ಮಗು ಹತ್ತು ವರ್ಷ ಕಳೆದ ಮೇಲೆ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಪ್ರಯಾಣಿಸುತ್ತದೆ. ಏಕೆಂದು ಕೇಳಿದರೆ ಅದಕ್ಕೇ ಗೊತ್ತಿರುವುದಿಲ್ಲ.

ದೊಡ್ಡವರ ಪ್ರಶ್ನೆಗಳ ಬಗ್ಗೆ ಹೆಚ್ಚು ಬರೆಯಲಾರೆ. ಯಾವ ಔಷಧ ಮಾಡಿದಿರಿ, ಮನೆತನದಲ್ಲಿ ಬೇರೆ ಯಾರಿಗಿದೆ, ಮಕ್ಕಳಿಗೆ ಬರಬಹುದೇ? ಕುತೂಹಲಕ್ಕೂ ತಜಸ್ಸುಸ್‌ಗೂ ಇರುವ ಅಂತರವನ್ನು ಸೂರಾ ಅಲ್ ಹುಜುರಾತ್ ಓದಿದವರಿಗೆ ವಿವರಿಸಬೇಕಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಶಾಫಿಈ ಫಿಕ್ಹ್‌ನ ನಿಕಾಹ್ ಅಧ್ಯಾಯದಲ್ಲಿ, ವಿವಾಹ ರದ್ದುಪಡಿಸಲು ಆಯ್ಕೆ ನೀಡುವ ದೋಷಗಳ ಸಾಲಿನಲ್ಲಿ ಬರಸ್ ಎಂಬ ಪದ ಬಂದ ದಿನ ಸಹಪಾಠಿಗಳೆಲ್ಲರ ಕಣ್ಣು ಒಮ್ಮೆಲೇ ನನ್ನ ಕೈಯ ಮೇಲೆ ಬಿತ್ತು. ಯಾರೂ ಏನೂ ಕೇಳಲಿಲ್ಲ. ಒಬ್ಬನಾದರೂ ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಆ ಮೌನಕ್ಕೆ ನಾನು ಏನೆಂದು ಉತ್ತರಿಸಲಿ?

ಅದೇ ವರ್ಷ ಉವೈಸುಲ್ ಖರ್ನಿಯವರ ವೃತ್ತಾಂತ ಓದಿದೆ. ಯಮನಿನ ಆ ಮಾತೃಭಕ್ತನಿಗೆ ಬರಸ್ ಇತ್ತು. ಅದು ಗುಣವಾದರೂ ಒಂದು ದಿರ್‌ಹಮ್‌ನಷ್ಟು ಜಾಗ ಉಳಿದಿತ್ತು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರು ಸಿಕ್ಕಿದರೆ ಅವರಿಂದ ಪಾಪಮುಕ್ತಿಗಾಗಿ ಪ್ರಾರ್ಥನೆ ಮಾಡಿಸಿಕೊಳ್ಳಬೇಕೆಂದು ಪ್ರವಾದಿ(ಸ) ಉಮರ್(ರ)ರಿಗೆ ತಿಳಿಸಿದ್ದರು. ಮುಂದೆ ಉಮರ್(ರ) ಅವರನ್ನು ಕಂಡಾಗ ಊರು, ಬುಡಕಟ್ಟು ಕೇಳಿದರು. ಬರಸ್‌ನ ಬಗ್ಗೆಯೂ ನೇರವಾಗಿ ಕೇಳಿದರು. ಉವೈಸ್ ಹೌದೆಂದರು. ಅಷ್ಟೇ. ಒಬ್ಬ ಖಲೀಫ ಕೇಳಿದ ಧಾಟಿಯೂ ನಮ್ಮ ಎರಡನೇ ತರಗತಿಯ ಹುಡುಗನ ಧಾಟಿಯೂ ನನಗೆ ಒಂದೇ ರೀತಿ ಕೇಳಿಸುತ್ತದೆ. ಎರಡರಲ್ಲೂ ಅಸಹ್ಯವಿಲ್ಲ.

ಆದ್ದರಿಂದ ಮಗು ಕೇಳಿದರೆ ತಿಳಿದಷ್ಟನ್ನು ಮೆಲುದನಿಯಲ್ಲಿ ಹೇಳಿ. ತಿಳಿಯದಿದ್ದರೆ ಗೊತ್ತಿಲ್ಲವೆನ್ನಿ. ನನ್ನತ್ತ ನೋಡಿ ಒಂದು ಸಲಾಮ್ ಹೇಳಿದರೆ ಉಳಿದದ್ದನ್ನು ಬಹುಶಃ ನಾನೇ ಹೇಳಿಯೇನು. ಬಹುಶಃ ಎಂದೆ, ಗಮನಿಸಿ. ಮಯ್ಯಿತ್ ಇರುವ ಮನೆಯಲ್ಲೋ, ಜ್ವರ ಬಂದ ದಿನವೋ ನನ್ನ ಚರ್ಮದ ಬಗ್ಗೆ ಪಾಠ ಮಾಡಲು ನನಗೆ ಮನಸ್ಸಿಲ್ಲದಿರಬಹುದು. ಆಗ ನನ್ನನ್ನು ಬಿಟ್ಟುಬಿಡಿ. ಬೆರಳು ತೋರಿಸಿ ನಗುವ ಮಗುವನ್ನಂತೂ ಖಂಡಿತ ತಡೆಯಿರಿ, ಅದು ಪ್ರಶ್ನೆಯಲ್ಲ. ಇನ್ನೊಂದು ವಿನಂತಿ: ನನ್ನ ಮುಂದೆಯೇ, "ನಿನಗೆ ಹೀಗಾಗಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾಹ್ ಹೇಳು" ಎಂದು ಮಗುವಿಗೆ ಕಲಿಸಬೇಡಿ. ಸಂಕಟಕ್ಕೊಳಗಾದವರನ್ನು ಕಂಡಾಗ ಹೇಳುವ ದುಆ ಇದೆ ನಿಜ. ಆದರೆ ಅವರ ಮನಸ್ಸು ನೋಯದಂತೆ, ಅವರಿಗೆ ಕೇಳಿಸದ ಹಾಗೆ ಅದನ್ನು ಹೇಳಬೇಕೆಂದು ಇಮಾಮ್ ನವವಿ 'ಅಲ್ ಅಝ್ಕಾರ್'ನಲ್ಲಿ ಬರೆದಿದ್ದಾರೆ. ನಮ್ಮ ಓಣಿಯಲ್ಲಿ ಅದನ್ನು ಬಾಂಗಿನಷ್ಟು ಗಟ್ಟಿಯಾಗಿ ಹೇಳುವವರಿದ್ದಾರೆ!

ಹುಡುಗನ ತಾಯಿ ಬಂದುಹೋದ ಮರುದಿನ ತರಗತಿಯಲ್ಲಿ ನಾನು ಕೈ ಮುಂದೆ ಚಾಚಿ, ಅಂದು ನಾನು ಹೇಳಿದ್ದು ಸುಳ್ಳು, ತಪ್ಪು ನನ್ನದು ಎಂದೆ. ಬಣ್ಣದ ವಿಷಯವನ್ನು ನಾಲ್ಕು ಮಾತಿನಲ್ಲಿ ತಿಳಿಸಿದೆ. ಹುಡುಗ ಹತ್ತಿರ ಬಂದ. ನೋಯುತ್ತದೆಯೇ ಎಂದು ಕೇಳಿದ. ಇಲ್ಲ ಎಂದೆ. ಬೆರಳಿನಿಂದ ಒಮ್ಮೆ ಬಿಳಿ ಜಾಗವನ್ನು, ಒಮ್ಮೆ ಕಂದು ಜಾಗವನ್ನು ಮುಟ್ಟಿ ನೋಡಿದ. ಏನೂ ವ್ಯತ್ಯಾಸ ಸಿಗದೆ ಸ್ವಲ್ಪ ನಿರಾಶನಾದಂತೆ ಕಂಡ. ಮತ್ತೆ ತನ್ನ ಜಾಗಕ್ಕೆ ಹೋಗುತ್ತಾ ತಿರುಗಿ ನಿಂತು, "ಹಾಗಾದರೆ ಇವತ್ತಿನಿಂದ ಹಾಲು ಕುಡಿಯಬೇಕಾ, ಉಸ್ತಾದ್?" ಎಂದ.