ಮನದ ಭಾರವನ್ನು ಮಾತಿನಲ್ಲಿ ಇಳಿಸೋಣ



ಕಾಯಕ್ಕೆ ಜ್ವರ ಬಂದರೆ ನಾವು ನಾಚದೆ ವೈದ್ಯರಲ್ಲಿಗೆ ಹೋಗುತ್ತೇವೆ. ಅದೇ ಕಾಯದೊಳಗಿನ ಮನಸ್ಸು ಬೇನೆಬಿದ್ದರೆ ಮಾತ್ರ ಮನೆಯ ಮಾನಕ್ಕೆ ಅಂಜಿ ಮರೆಮಾಡುತ್ತೇವೆ. ಈ ಭೇದಕ್ಕೆ ಶರಣಧರ್ಮದಲ್ಲಿ ಆಧಾರವಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮಾನದಿ ದಡ ಮೀರಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಮನೆಗಳಿಗೆ ನುಗ್ಗಿತು. 2022ರಲ್ಲಿ ಕಲಬುರಗಿ ಸೀಮೆಯ ತೊಗರಿ ನೆಟೆರೋಗಕ್ಕೆ ತುತ್ತಾಗಿ ಒಣಗಿತು. ಬೆಳೆ ಹೋಗಿ ಸಾಲ ಉಳಿದಾಗ ದುಃಖವಾಗುವುದು ಸಹಜ. ದಿನ ಕಳೆದಂತೆ ಅದು ಇಳಿಯುವುದುಂಟು. ಆದರೆ ಎರಡು ವಾರಗಳಾದರೂ ಮನಸ್ಸು ದಿನವಿಡೀ ಕುಗ್ಗಿಯೇ ಇದ್ದು, ಊಟ ನಿದ್ರೆಗಳು ಕೆಟ್ಟು, ಹಿತವಾಗಿದ್ದುದೆಲ್ಲ ಬೇಡವಾಗಿ, ತಾನು ಯಾತಕ್ಕೂ ಬಾರದವನೆಂಬ ಭಾವ ಬೇರೂರಿದರೆ ಅದನ್ನು ಖಿನ್ನತೆಯೆಂಬ ರೋಗವೆಂದು ಸಂಶಯಿಸಬೇಕು. ಯಾವ ಕೊರತೆಯೂ ಕಾಣದ ಮನೆಯಲ್ಲಿಯೂ, ಬಾಣಂತಿಗೂ, ಓದುವ ಮಗನಿಗೂ ಅದು ಬರಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಇದಕ್ಕೆ ಒಳಗಾಗುತ್ತಾರೆ.

ಇಂಥವರನ್ನು ಕಂಡು ‘ಭಕ್ತಿ ಸಾಲದು, ಕಾಯಕಗಳ್ಳ’ ಎಂದು ಜರೆಯುವವರುಂಟು. ಕಾಯಕತತ್ತ್ವವನ್ನು ಹೀಗೆ ಕೋಲಾಗಿ ಎತ್ತುವುದು ಶರಣರಿಗೆ ಮಾಡುವ ಅಪಚಾರ. ಕಾಲು ಮುರಿದವನನ್ನು ನಡೆಯೆಂದು ಗದರಿಸುವೆವೇ? ಬಸವಣ್ಣನವರು ತಮ್ಮ ಮನದ ಚಂಚಲತೆಯನ್ನೂ ಅಳಲನ್ನೂ ಕೂಡಲಸಂಗಮದೇವನ ಮುಂದೆ ಮುಚ್ಚುಮರೆಯಿಲ್ಲದೆ ತೆರೆದಿಟ್ಟರು. ಅನುಭವ ಮಂಟಪದಲ್ಲಿ ಶರಣರು ಒಳಗಿನ ಅನುಭವವನ್ನು ಆಡಿದರು, ಒಬ್ಬರದನ್ನೊಬ್ಬರು ಆಲಿಸಿದರು. ಮನವನ್ನು ತೆರೆದಾಡುವುದು ನಮಗೆ ಪರಕೀಯವಲ್ಲ.

ಇಂದಿನ ಮಾತಿನ ಚಿಕಿತ್ಸೆ ಬರಿಯ ಸಮಾಧಾನದ ನುಡಿಯಲ್ಲ. ತರಬೇತಿ ಪಡೆದ ಆಪ್ತಸಮಾಲೋಚಕರು ಹಲವು ವಾರ ಗೊತ್ತಾದ ಹೊತ್ತಿಗೆ ಕುಳಿತು ಕೇಳುತ್ತಾರೆ, ಕೇಳಿದ್ದನ್ನು ಗುಟ್ಟಾಗಿಡುತ್ತಾರೆ. ‘ಈ ವರ್ಷ ಬೆಳೆ ಹೋಯಿತು’ ಎಂಬುದು ನಿಜ. ‘ಆದುದರಿಂದ ನನ್ನ ಬಾಳೇ ಹೋಯಿತು’ ಎಂಬುದು ರೋಗದ ಮಾತು. ಇವೆರಡನ್ನು ಬೇರ್ಪಡಿಸಿ ನೋಡಲು ಕಲಿಸುತ್ತಾರೆ. ಖಿನ್ನನಾದವನು ಕೆಲಸ ಬಿಡುತ್ತಾನೆ. ಬಿಟ್ಟಷ್ಟೂ ಮನಸ್ಸು ಕುಗ್ಗುತ್ತದೆ. ಕುಗ್ಗಿದಷ್ಟೂ ಕೆಲಸ ದೂರವಾಗುತ್ತದೆ. ಈ ಸುಳಿಯನ್ನು ಮುರಿಯಲು ಇಂದು ಸ್ನಾನ, ನಾಳೆ ಹೊಲದ ಬದುವಿನವರೆಗೆ ನಡಿಗೆ ಎಂದು ಅಳತೆಗೆ ತಕ್ಕ ಸಣ್ಣ ಕೆಲಸಗಳನ್ನು ಗೊತ್ತುಮಾಡುತ್ತಾರೆ. ಕಾಯಕಕ್ಕೆ ಮರಳುವ ದಾರಿ ಹೀಗೆ ತೆರೆಯುತ್ತದೆ. ರೋಗ ಬಲವಾಗಿದ್ದರೆ ಜೊತೆಗೆ ಔಷಧಿಯೂ ಬೇಕು. ಲಿಂಗಪೂಜೆ ಧೈರ್ಯ ಕೊಡಲಿ. ಆದರೆ ಚಿಕಿತ್ಸೆಯನ್ನು ತಡೆಯುವ ನೆಪವಾಗದಿರಲಿ.

ಮನೆಯವರ ಕರ್ತವ್ಯವೂ ಉಂಟು. ಉಪದೇಶಕ್ಕೆ ಮೊದಲು ‘ಹೇಳಪ್ಪಾ, ಕೇಳುತ್ತೇನೆ’ ಎನ್ನಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಬೆಳೆಗೆ ಸಿಂಪಡಿಸುವ ವಿಷವನ್ನು ಕೈಗೆಟುಕದಂತೆ ಬೀಗದಲ್ಲಿಟ್ಟು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ನೊಂದವನಿಗೆ ಕಿವಿಗೊಡುವುದೂ ದಾಸೋಹವೇ. ಆಳಂದ, ಅಫಜಲಪುರ, ಜೇವರ್ಗಿಗಳ ಪ್ರತಿಯೊಂದು ಮನೆಯಲ್ಲಿಯೂ ಈ ದಾಸೋಹ ನಡೆಯಲಿ ಎಂದು ಹಾರೈಸುತ್ತೇವೆ.